ಈರುಳ್ಳಿಯ ಅಡಿಯಲ್ಲಿ ಏನಿತ್ತು

ಓನ್ ಶ್ವೇ ಮೇಷ್ಟ್ರಿಗೆ ಆ ಗುರುವಾರ ಒದಗಿದ ಗ್ರಹಚಾರಕ್ಕೆ ಕಾರಣ ಈರುಳ್ಳಿ. ತಿಂದದ್ದಲ್ಲ, ಬರೆದದ್ದು. ‘ಹೊನ್ನಗಂಟೆ’ ವಾರಪತ್ರಿಕೆಯ ಮೂರನೆಯ ಪುಟದ ಕೆಳಗೆ, ಎಡಮೂಲೆಯಲ್ಲಿ, ‘ಈರುಳ್ಳಿ ಕೆಡದಂತೆ ಇಡುವ ಬಗೆ’ ಎಂಬ ಅಂಗೈಯಗಲದ ಲೇಖನ ಅವರ ಹೆಸರು ಹೊತ್ತು ಅಚ್ಚಾಗಿತ್ತು. ಬೇರೆ ಊರಾಗಿದ್ದರೆ ಅದನ್ನು ಓದಿದ ನಾಲ್ಕು ಜನ ತಮ್ಮ ಮನೆಯ ಈರುಳ್ಳಿಯನ್ನು ಗಾಳಿಗೆ ತೂಗುಹಾಕಿ ಸುಮ್ಮನಾಗುತ್ತಿದ್ದರು. ಯಾಂಗೋನಿನಲ್ಲಿ ಹಾಗಲ್ಲ.

ಅಲ್ಲಿ ಯಾವ ಪತ್ರಿಕೆಯೇ ಆಗಲಿ, ಅಚ್ಚಿಗೆ ಹೋಗುವ ಮುನ್ನ ಅದರ ಪುಟಗಳೆಲ್ಲ ಒಂದು ಕಚೇರಿಗೆ ಹೋಗಿ ಬರಬೇಕು. ಆ ಕಚೇರಿಗೆ ಸರ್ಕಾರ ಇಟ್ಟ ಹೆಸರು ಉದ್ದವಾಗಿತ್ತು. ಜನ ಕತ್ತರಿಮನೆ ಎನ್ನುತ್ತಿದ್ದರು. ಬೇಡವೆನಿಸಿದ್ದಕ್ಕೆ ಅಲ್ಲಿ ಕೆಂಪು ಗೀಟು ಬೀಳುತ್ತಿತ್ತು. ಹಿಂದೆಲ್ಲ ಗೀಟು ಬಿದ್ದ ಸಾಲುಗಳ ಮೇಲೆ ಮಸಿ ಬಳಿದರೆ ಸಾಕಾಗಿತ್ತು. ಜನ ಸೀಮೆಎಣ್ಣೆ ಹಚ್ಚಿ ಉಜ್ಜಿ, ಬಿಸಿಲಿಗೆ ಹಿಡಿದು ಓದತೊಡಗಿದ ಮೇಲೆ ಮಸಿ ನಿಂತಿತು. ಜಾಗವನ್ನು ಖಾಲಿ ಬಿಡೋಣವೆಂದರೆ, ಏನೋ ತೆಗೆದಿದ್ದಾರೆ ಎಂಬ ಗುಟ್ಟನ್ನು ಖಾಲಿ ಜಾಗವೇ ಸಾರುತ್ತದೆ. ಆದ್ದರಿಂದ ಹೊಸ ಕಟ್ಟಳೆ ಬಂತು: ಕತ್ತರಿಸಿದ ಜಾಗದಲ್ಲಿ ಅದೇ ಅಳತೆಯ, ಯಾರಿಗೂ ನೋವಾಗದ ಇನ್ನೊಂದನ್ನು ಸಂಜೆಯೊಳಗೆ ಕೂರಿಸಿಕೊಡಬೇಕು. ಅದಕ್ಕೆಂದೇ ಪ್ರತಿಯೊಬ್ಬ ಸಂಪಾದಕನ ಮೇಜಿನ ಕೆಳಗೂ ಒಂದು ಬಿಸ್ಕತ್ತಿನ ಡಬ್ಬ ಇರುತ್ತಿತ್ತು. ಡಬ್ಬದಲ್ಲಿ ಬಗೆಬಗೆಯ ಅಳತೆಯ ತೇಪೆಗಳು. ಹೊನ್ನಗಂಟೆಯ ಡಬ್ಬವನ್ನು ತುಂಬುತ್ತಿದ್ದವರು ನಮ್ಮ ಓನ್ ಶ್ವೇ ಮೇಷ್ಟ್ರು.

ಮೇಷ್ಟ್ರು ಭೂಗೋಳ ಕಲಿಸಿ ನಿವೃತ್ತರಾದವರು. ಅವರಿಗೆ ಬರೆಯಬೇಕೆಂದಿದ್ದದ್ದು ನದಿಗಳ ಮೇಲೆ. ಹುಟ್ಟೂರಿನ ಕಡೆಯ ನದೀಮುಖಗಳಲ್ಲಿ ಮರಳು ಹೇಗೆ ಜಾಗ ಬದಲಿಸುತ್ತದೆ ಎಂದು ಆಳ ಅಳೆಯುವ ಗಂಟುಹಗ್ಗ ಇಳಿಬಿಟ್ಟು ನೋಡಿ, ಒಂದು ಗಂಭೀರವಾದ ಲೇಖನ ಬರೆದು ಸಂಪಾದಕರಿಗೆ ಕೊಟ್ಟಿದ್ದರು. ಸಂಪಾದಕರು “ಒಂದಿನ ಹಾಕೋಣ ಮೇಷ್ಟ್ರೇ” ಎಂದು ಅದನ್ನು ಬೀರುವಿನಲ್ಲಿಟ್ಟು, “ಸದ್ಯಕ್ಕೆ ಬಿಕ್ಕಳಿಕೆ ಮೇಲೆ ಒಂದು ಚಿಕ್ಕದು ಬರ್ಕೊಡಿ” ಎಂದಿದ್ದರು. ಹೀಗೆ ಬಿಕ್ಕಳಿಕೆಗೆ ಮನೆಮದ್ದು, ಹಲ್ಲಿ ಓಡಿಸುವ ಉಪಾಯ, ಕೊಡೆ ಬೇಗ ಒಣಗಿಸುವ ಕ್ರಮ ಎಂದು ಬರೆಯುತ್ತ ಬರೆಯುತ್ತ ಮೇಷ್ಟ್ರ ಕೂದಲು ಬೆಳ್ಳಗಾಯಿತು. ನದಿ ಬೀರುವಿನಲ್ಲೇ ಉಳಿಯಿತು.

ಆದರೆ ಓದುಗರು ಮೂರ್ಖರಲ್ಲ. ‘ಬಿಕ್ಕಳಿಕೆ’ ಬಂದದ್ದು ಮಂತ್ರಿಯೊಬ್ಬರ ಭಾವಚಿತ್ರ ಬರಬೇಕಾದ ಕಡೆ. ಅದೇ ವಾರ ಮಂತ್ರಿಗಳು ಅನಾರೋಗ್ಯದ ಕಾರಣ ಮನೆಗೆ ಹೋದರು. ‘ಹಲ್ಲಿ’ ಬಂದದ್ದು ವ್ಯಾಪಾರದ ಪುಟದಲ್ಲಿ. ಮರುದಿನ ಒಂದು ಬ್ಯಾಂಕಿನ ಬಾಗಿಲು ತೆರೆಯಲೇ ಇಲ್ಲ. ಅಂದಿನಿಂದ ಊರಿನವರು ಗುರುವಾರ ಪತ್ರಿಕೆ ಕೊಂಡರೆ ಸುದ್ದಿ ಓದುವ ಗೋಜಿಗೆ ಹೋಗುತ್ತಿರಲಿಲ್ಲ. ಮೊದಲು ಓನ್ ಶ್ವೇ ಎಂಬ ಹೆಸರು ಹುಡುಕುತ್ತಿದ್ದರು. ಅದು ಎಲ್ಲಿದೆಯೋ ಅಲ್ಲಿ ಏನೋ ಹೂತಿದೆ. ಒಂದು ಸುದ್ದಿಯನ್ನೂ ಬರೆಯದೆ ಮೇಷ್ಟ್ರು ದೇಶದಲ್ಲೇ ಹೆಚ್ಚು ನಂಬಿಕಸ್ಥ ಸುದ್ದಿಗಾರರಾಗಿಬಿಟ್ಟಿದ್ದರು. ಅದು ಅವರಿಗೊಬ್ಬರಿಗೆ ತಿಳಿದಿರಲಿಲ್ಲ.

ಬೆಳಿಗ್ಗೆ ಮೀನುಸಾರು ಹೊಯ್ದ ಶಾವಿಗೆಯ, ಅಂದರೆ ಮೊಹಿಂಗಾದ, ಬಟ್ಟಲಿಗೆ ನಿಂಬೆಹಣ್ಣು ಹಿಂಡುತ್ತ ಕೂತಿದ್ದಾಗ ಪಕ್ಕದ ಮನೆಯ ಮಾ ಖೈನ್ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಪತ್ರಿಕೆ. ಕೆನ್ನೆಗೆ ಗಂಧದಂತೆ ತೇದು ಹಚ್ಚಿದ್ದ ತನಖಾ ಅರ್ಧ ಅಳಿಸಿಹೋಗಿತ್ತು.

“ಮೇಷ್ಟ್ರೇ, ಇದರ ಕೆಳಗೇನಿತ್ತು?”

“ಯಾವುದರ ಕೆಳಗಮ್ಮಾ?”

“ಈರುಳ್ಳಿ ಕೆಳಗೆ.”

“ಈರುಳ್ಳಿ ಕೆಳಗೆ ಗೋಣಿಚೀಲ ಹಾಸ್ಬಾರ್ದು. ಬರ್ದಿದ್ದೀನಲ್ಲ, ತೇವ ಹಿಡಿಯುತ್ತೆ.”

“ತಮಾಷೆ ಮಾಡ್ಬೇಡಿ ಮೇಷ್ಟ್ರೇ.” ಅವಳು ಪತ್ರಿಕೆಯನ್ನು ಅವರ ಮುಂದೆ ಹಿಡಿದಳು. “ಮೂರನೇ ಪುಟ, ಕೆಳಗಿನ ಮೂಲೆ. ಅದು ನದಿ ಸುದ್ದಿ ಬರೋ ಜಾಗ. ಯಾವ ದೋಣಿ ಬಂತು, ಉಬ್ಬರ ಎಷ್ಟು ಹೊತ್ತಿಗೆ ಅಂತ ಹಾಕ್ತಾರೆ. ನಾನು ಓದೋದೇ ಅದೊಂದು. ಇವರ ದೋಣಿ ನಿನ್ನೆಗೆ ಬರಬೇಕಿತ್ತು, ಬಂದಿಲ್ಲ. ಇವತ್ತು ನೋಡಿದ್ರೆ ಅಲ್ಲಿ ನೀವಿದ್ದೀರಿ.”

ಅವಳ ಗಂಡ ಕೋ ಲೂನ್ ನದೀಮುಖದ ಊರುಗಳಿಂದ ಅಕ್ಕಿ ತರುವ ದೋಣಿಯ ಚುಕ್ಕಾಣಿ ಹಿಡಿಯುವವನು. ಮರುದಿನದ ಶುಕ್ರವಾರ ಬಿಟ್ಟು ಅದರ ಮುಂದಿನ ಶುಕ್ರವಾರ ಅವರ ಮಗನಿಗೆ ತಲೆ ಬೋಳಿಸಿ ಭಿಕ್ಷುಗಳ ಚೀವರ ಹಾಕಿಸುವ ಸಮಾರಂಭ. ಇಡೀ ಬೀದಿಗೆ ಊಟ ಹೇಳಿಯಾಗಿತ್ತು.

“ನನಗೆ ಗೊತ್ತಿಲ್ಲಮ್ಮ. ದೇವರಾಣೆ ಗೊತ್ತಿಲ್ಲ. ಆ ಈರುಳ್ಳಿ ಬರ್ದು ಮೂರು ವರ್ಷ ಆಯ್ತು. ಯಾವಾಗ ಎಲ್ಲಿ ಹಾಕ್ತಾರೆ ಅಂತ ನನ್ನನ್ನ ಕೇಳಲ್ಲ.”

ಇದು ಅಕ್ಷರಶಃ ಸತ್ಯ. ಆದ್ದರಿಂದಲೇ ಮಾ ಖೈನ್ ನಂಬಲಿಲ್ಲ. “ದೊಡ್ಡೋರು. ಹೇಳಬಾರದು ಅಂತ ಇರುತ್ತೆ. ನೀವು ತಲೆ ಆಡಿಸಿ ಸಾಕು. ಮುಳುಗಿದೆಯಾ?”

ತಲೆ ಯಾವ ಕಡೆಗೆ ಅಲ್ಲಾಡಿದರೂ ಅದಕ್ಕೊಂದು ಅರ್ಥ ಹುಟ್ಟೀತೆಂದು ಹೆದರಿ ಮೇಷ್ಟ್ರು ಕತ್ತನ್ನು ಕಂಬದ ಹಾಗೆ ಬಿಗಿಹಿಡಿದರು. ಅವಳು ಅದಕ್ಕೂ ಒಂದು ಅರ್ಥ ಮಾಡಿಕೊಂಡು ಅಳತೊಡಗಿದಳು. ಅಳುವ ಹೆಂಗಸಿನೆದುರು ಮೊಹಿಂಗಾ ಇಳಿಯುವುದಿಲ್ಲ. “ಅಳಬೇಡ. ಸಂಪಾದಕರ ಹತ್ರ ಹೋಗಿ ಕೇಳ್ಕೊಂಡು ಬರ್ತೀನಿ,” ಎಂದು ಮೇಷ್ಟ್ರು ಕೊಡೆ ತೆಗೆದುಕೊಂಡು ಎದ್ದರು.

ಬೀದಿಯ ತಿರುವಿನಲ್ಲಿ ಕೋ ಫ್ಯೂನ ಚಹದಂಗಡಿ. ಅಲ್ಲಿ ಆಗಲೇ ಈರುಳ್ಳಿ ಲೇಖನದ ಮೇಲೆ ವ್ಯಾಖ್ಯಾನ ನಡೆದಿತ್ತು.

“ಬಂದ್ರು ಬಂದ್ರು!” ಕೋ ಫ್ಯೂ ಪುಟ್ಟ ಮುಕ್ಕಾಲಿಯನ್ನು ಲುಂಗಿಯ ಅಂಚಿನಿಂದ ಒರೆಸಿದ. “ಕೂತ್ಕೊಳ್ಳಿ ಮೇಷ್ಟ್ರೇ. ‘ಒಂದು ಕೊಳೆತರೆ ತಡಮಾಡದೆ ತೆಗೆದುಹಾಕಿ, ಇಲ್ಲದಿದ್ದರೆ ಪಕ್ಕದ್ದೂ ಕೊಳೆಯುತ್ತದೆ’ ಅಂತ ಬರ್ದಿದ್ದೀರಲ್ಲ, ಎಂಥಾ ಧೈರ್ಯ ನಿಮ್ಮದು! ಯಾರನ್ನ ತೆಗೀತಾರೆ?”

“ಈರುಳ್ಳೀನ ತೆಗೀಬೇಕು, ಫ್ಯೂ.”

“ಸರಿ ಸರಿ. ಇಲ್ಲಿ ಎಲ್ಲಾ ನಮ್ಮವರೇ,” ಎಂದು ಅವನು ದನಿ ತಗ್ಗಿಸಿ, ನಮ್ಮವರಲ್ಲದ ಒಬ್ಬನ ಕಡೆಗೆ ಕಣ್ಣು ಹೊರಳಿಸಿದ.

ಮೂಲೆಯಲ್ಲಿದ್ದ ಹಳೆ ಸೈಕಲ್ ಅಂಗಡಿಯ ಮುದುಕನ ಲೆಕ್ಕಾಚಾರ ಬೇರೆ. “ಅದೆಲ್ಲ ಏನೂ ಅಲ್ಲ. ಈರುಳ್ಳಿ ಸಿಗೋದಿಲ್ಲ ಇನ್ನು, ಅಷ್ಟೆ. ‘ಹೆಚ್ಚು ಕಾಲ ಇಡುವುದಾದರೆ’ ಅಂತ ಬರ್ದಿದ್ದಾರೆ. ಯಾಕೆ ಹೆಚ್ಚು ಕಾಲ ಇಡಬೇಕು? ಯೋಚನೆ ಮಾಡ್ರಯ್ಯಾ.”

ಅಂಗಡಿಯಲ್ಲಿದ್ದವರು ಯೋಚನೆ ಮಾಡಿದರು. ಒಬ್ಬೊಬ್ಬರಾಗಿ ಎದ್ದರು. ಹೇಗೆ ಎದ್ದರೆಂದರೆ, ಅವಸರವೇನೂ ಇಲ್ಲವೆಂಬಂತೆ ನಾಲ್ಕು ಹೆಜ್ಜೆ ನಡೆದು, ಐದನೆಯದರಿಂದ ಓಡಿದರು. ಮೇಷ್ಟ್ರು ಚಹದ ತಳ ಕಾಣುವುದರೊಳಗೆ ಮಾರುಕಟ್ಟೆಯ ಕಡೆಯಿಂದ ಜನ ಈರುಳ್ಳಿ ಮೂಟೆಗಳನ್ನು ಹೊಸದಾಗಿ ಹುಟ್ಟಿದ ಕೂಸಿನಂತೆ ಅಪ್ಪಿಕೊಂಡು ಬರುತ್ತಿದ್ದರು. ಆ ಗುಂಪಿನ ಮುಂದೆ, ಕೂಲಿಯವನ ತಲೆಯ ಮೇಲೆ ಎರಡು ಮೂಟೆ ಹೊರಿಸಿಕೊಂಡು, ಮೇಷ್ಟ್ರ ಹೆಂಡತಿ ಮ್ಯ ಯಿನ್.

“ನಿನಗೇನಾಯ್ತೇ? ನಾನೇ ಬರ್ದಿದ್ದು ಅದು!”

“ನೀವೇ ಬರ್ದಿದ್ದು ಅಂತ್ಲೇ ಮನೇಲಿ ಬಾಯಿ ಬಿಡಲಿಲ್ಲ,” ಎಂದಳು ಮ್ಯ ಯಿನ್, ಅವಮಾನದಿಂದ. “ಪಕ್ಕದ ಬೀದಿಯವರಿಂದ ತಿಳೀಬೇಕಾಯ್ತು ನನಗೆ. ನಾಚಿಕೆ ಆಗಲ್ವಾ ನಿಮಗೆ?”

ಪೇಟೆಗೆ ಹೋಗುವ ಬಸ್ಸಿನಲ್ಲಿ ನಿರ್ವಾಹಕ ಮೇಷ್ಟ್ರಿಂದ ಟಿಕೆಟ್ಟಿನ ದುಡ್ಡು ತೆಗೆದುಕೊಳ್ಳಲಿಲ್ಲ. ಹಿಂದಿನ ಮೆಟ್ಟಿಲಿನಲ್ಲಿ ಜೋತಾಡುತ್ತಲೇ ಅವರ ಕಿವಿಗೆ ಬಾಯಿಟ್ಟು, “ಬೆಳ್ಳುಳ್ಳೀನೂ ತಗೊಂಡಿಡಬೇಕಾ?” ಎಂದ.

ಹೊನ್ನಗಂಟೆಯ ಕಚೇರಿ ಮೂರನೆಯ ಮಹಡಿ. ಕರೆಂಟು ಹೋಗಿತ್ತು. ಸಂಪಾದಕ ತೇನ್ ಹಾನ್ ಬನಿಯನ್ನಿನಲ್ಲಿ ಕೂತು, ಹಿಂದಿನ ವಾರದ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮೇಷ್ಟ್ರನ್ನು ಕಂಡೊಡನೆ ಅವರ ಮುಖ, ಸಾಲ ಕೊಟ್ಟವನನ್ನು ಕಂಡವರ ಮುಖದಂತಾಯಿತು. ಸಾಲವೇನೂ ಇರಲಿಲ್ಲ.

“ಮೂರನೇ ಪುಟದಲ್ಲಿ ಏನು ತೆಗೆದ್ರು ಸಾರ್?”

“ಏನೂ ತೆಗೀಲಿಲ್ಲ. ಈ ದೇಶದಲ್ಲಿ ಏನನ್ನೂ ತೆಗೆಯೋದಿಲ್ಲ. ಹಾಗಂತ ನಾವು ರುಜು ಹಾಕಿದ ಮೇಲೇ ಪುಟ ವಾಪಸ್ ಕೊಡ್ತಾರೆ.”

“ನನಗೊಬ್ಬನಿಗೆ ಹೇಳಿ.”

“ನೀವು ಮುಚ್ಚಳ ಮೇಷ್ಟ್ರೇ. ಮುಚ್ಚಳಕ್ಕೆ ಪಾತ್ರೇಲಿ ಏನಿದೆ ಅನ್ನೋದೆಲ್ಲ ಯಾಕೆ?”

“ನಮ್ಮ ಪಕ್ಕದ ಮನೆ ಹುಡುಗಿ ಅಳ್ತಾ ಕೂತಿದ್ದಾಳೆ ಸಾರ್. ಗಂಡ ನದಿ ಮೇಲಿದ್ದಾನೆ. ಹೆಸರು ಬೇಡ, ಲೆಕ್ಕ ಬೇಡ. ನದಿ ವಿಷಯಾನಾ, ಅಷ್ಟು ಹೇಳಿ.”

ತೇನ್ ಹಾನ್ ಕನ್ನಡಕ ತೆಗೆದು, ಲುಂಗಿಯ ಚುಂಗಿನಿಂದ ನಿಧಾನವಾಗಿ ಒರೆಸತೊಡಗಿದರು. ಆ ಬೀದಿಯ ಸಂಪಾದಕರೆಲ್ಲರ ನಡುವೆ ಕನ್ನಡಕ ಒರೆಸುವುದಕ್ಕೆ ‘ಹೌದು’ ಎಂದು ಅರ್ಥ. ಹಾಗೆ ಒರೆಸಬಾರದೆಂದು ಇನ್ನೂ ಯಾವ ಕಟ್ಟಳೆಯೂ ಬಂದಿರಲಿಲ್ಲ.

ಮೇಷ್ಟ್ರು ಮೇಜಿನ ಮೇಲೆ ಬಾಗಿದರು. “ದೋಣಿಯಾ?”

ಸಂಪಾದಕರು ಕನ್ನಡಕವನ್ನು ಮೂಗಿನ ಮೇಲೆ ಮತ್ತೆ ಏರಿಸಿಕೊಂಡರು. “ಇನ್ನು ಕೇಳ್ಬೇಡಿ. ಗೊತ್ತಾಗದೆ ಇದ್ರೆ ಒಳ್ಳೇದು. ಎಲ್ಲರಿಗಿಂತ ಹೆಚ್ಚಾಗಿ ನಿಮಗೆ.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಬಂದವರು ಮೇಷ್ಟ್ರ ವಾರ್ಡಿನ ಅಧ್ಯಕ್ಷ ಸಾನ್ ತೂನ್. ಯಾರ ಮನೆಗೆ ನೆಂಟರು ಬಂದರು, ಯಾರ ರೇಡಿಯೋ ಯಾವ ದೇಶದ ಮಾತಾಡಿತು ಎಂಬುದನ್ನೆಲ್ಲ ತಿಳಿದಿರುವುದು ಅವರ ಉದ್ಯೋಗ. ಹಿಂದೆ ಇಬ್ಬರು ಪೊಲೀಸರು. ಅವರಲ್ಲೊಬ್ಬನ ಹೆಗಲ ಮೇಲೆ ಒಂದು ಈರುಳ್ಳಿ ಮೂಟೆ.

“ಮೇಷ್ಟ್ರೇ, ನಡೀರಿ. ಕತ್ತರಿಮನೆಯಿಂದ ಕರೆ ಬಂದಿದೆ.”

“ಮೂಟೆ ಯಾಕೆ?”

“ಸಾಕ್ಷಿ,” ಎಂದರು ಸಾನ್ ತೂನ್. ಆಮೇಲೆ ಹತ್ತಿರ ಬಂದು, “ನಮ್ಮನೇಲೂ ತಗೊಂಡಿದ್ದಾರೆ. ಒಳ್ಳೇದಾಯ್ತು ತಾನೇ?” ಎಂದರು.

ಕತ್ತರಿಮನೆಯಲ್ಲಿ ಮೇಷ್ಟ್ರನ್ನು ಬರಮಾಡಿಕೊಂಡವರು ಮೇಜರ್ ಲಾ ತೇ. ಸೈನ್ಯದಿಂದ ಓದಿನ ಕಡೆಗೆ ವರ್ಗವಾಗಿ ಬಂದ, ತೆಳ್ಳಗಿನ, ಮೆಲುದನಿಯ ಮನುಷ್ಯ. ಎದುರಿನ ಕುರ್ಚಿ ತೋರಿಸಿದರು, ಚಹ ತರಿಸಿದರು. ಸಾಕ್ಷಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು.

“ನಿಮ್ಮ ಬರಹ ಒಂದೂ ಬಿಡದೆ ಓದಿದ್ದೀನಿ ಮೇಷ್ಟ್ರೇ. ಪ್ರತಿಯೊಂದನ್ನೂ ಮೂರು ಮೂರು ಸಲ. ಬಿಕ್ಕಳಿಕೆಯದು ನಮ್ಮ ತಾಯಿಗೆ ಓದಿ ಹೇಳ್ದೆ. ಅವರಿಗೆ ಗುಣ ಆಯ್ತು.”

ಬರೆದದ್ದನ್ನು ಇಷ್ಟು ಶ್ರದ್ಧೆಯಿಂದ ಓದಿದವನೊಬ್ಬ ಕೊನೆಗೂ ಸಿಕ್ಕನಲ್ಲ ಎಂದು ಮೇಷ್ಟ್ರಿಗೆ, ಆ ಭಯದ ನಡುವೆಯೂ, ಒಂದು ಕ್ಷಣ ಕಣ್ಣು ತೇವವಾಯಿತು.

“ಈಗ ಹೇಳಿ. ಕೊಳೆತ ಈರುಳ್ಳಿ ಯಾರು?”

“ಈರುಳ್ಳೀನೇ ಸಾರ್.”

“ಪಕ್ಕದ ಈರುಳ್ಳಿ?”

“ಅದೂ ಈರುಳ್ಳೀನೇ.”

“‘ಬೆಳಕು ಬೀಳದ ಕಡೆ ಇಟ್ಟರೆ ಮೊಳಕೆ ಒಡೆಯುವುದಿಲ್ಲ’ ಅಂತಿದೆ. ಬೆಳಕು ಬೀಳದ ಕಡೆ ಯಾರನ್ನ ಇಟ್ಟಿದ್ದೀವಿ ಅಂತ ನಿಮ್ಮ ಅಭಿಪ್ರಾಯ?”

“ನನಗೆ ಅಭಿಪ್ರಾಯ ಇಲ್ಲ ಸಾರ್. ಮೊಳಕೆ ಒಡೆದ್ರೆ ಕಹಿಯಾಗುತ್ತೆ.”

ಮೇಜರ್ ಬರೆದುಕೊಂಡರು. ಬಹಳ ಹೊತ್ತು ಹೀಗೇ ನಡೆಯಿತು. ಈರುಳ್ಳಿಯ ಸಿಪ್ಪೆ ಒಂದೊಂದಾಗಿ ಸುಲಿದಂತೆ ಮೇಜರ್ ಕೇಳುತ್ತ ಹೋದರು. ಸುಲಿದಷ್ಟೂ ಈರುಳ್ಳಿಯೇ ಇತ್ತು. ಕೊನೆಗೆ ಅವರು ಲೇಖನಿ ಕೆಳಗಿಟ್ಟು ಬೆನ್ನು ಕುರ್ಚಿಗೆ ಆನಿಸಿದಾಗ ಮೇಷ್ಟ್ರು ಎಲ್ಲಿಲ್ಲದ ಧೈರ್ಯ ತಂದುಕೊಂಡರು. ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದ ಆ ಅರ್ಧ ಅಳಿಸಿದ ಮುಖ ಅವರ ಕಣ್ಣ ಮುಂದಿತ್ತು.

“ಒಂದು ಮಾತು ಕೇಳ್ಬಹುದಾ ಸಾರ್? ಅದರ ಕೆಳಗೆ ಏನಿತ್ತು? ಯಾವುದಾದ್ರೂ ದೋಣಿ ಮುಳುಗಿತಾ?”

ಮೇಜರ್ ಅವರನ್ನೇ ನೋಡಿದರು. “ದೋಣಿನಾ? ಇಲ್ಲವಲ್ಲ. ಈ ವಾರ ಯಾವ ದೋಣಿಯೂ ಮುಳುಗಿಲ್ಲ. ಮುಳುಗಿದ್ರೆ ನನ್ನ ಮೇಜಿಗೇ ಬರ್ತಿತ್ತು.” ಆಮೇಲೆ ಅವರ ಹುಬ್ಬು ಮೇಲೇರಿತು. “ನಿಮಗೆ ನಿಜವಾಗ್ಲೂ ಗೊತ್ತಿಲ್ವಾ?”

ಎದ್ದು ಹೋಗಿ, ಬೀರುವಿನಿಂದ ಒಂದು ಕರಡು ಪುಟ ತಂದು ಮೇಜಿನ ಮೇಲೆ ಹರವಿದರು. ಮೂರನೆಯ ಪುಟ. ಎಡಮೂಲೆಯಲ್ಲಿ ಕೆಂಪು ಗೀಟುಗಳ ಕೆಳಗೆ ಒಂದು ತಲೆಬರಹ: ‘ಕೊಕ್ಕರೆ ತಿರುವಿನ ಮರಳು ಜಾಗ ಬದಲಿಸಿದೆ’. ಅದರ ಕೆಳಗೆ ದಪ್ಪಕ್ಷರದಲ್ಲಿ: ಓನ್ ಶ್ವೇ.

ಬೀರುವಿನಲ್ಲಿ ಇಷ್ಟು ಕಾಲ ಮಲಗಿದ್ದ ನದಿಯಿಂದ ಒಂದು ತುಂಡನ್ನು ತೇನ್ ಹಾನ್ ಕದ್ದುಮುಚ್ಚಿ ಎತ್ತಿ, ನದಿ ಸುದ್ದಿಯ ಮೂಲೆಯಲ್ಲಿಟ್ಟು ಕತ್ತರಿಮನೆಗೆ ಕಳಿಸಿದ್ದರು. ಅದು ಅಲ್ಲಿಯೇ ಸತ್ತಿತ್ತು. ಹೆಣದ ಮೇಲೆ ಹೊದಿಸಲು ಡಬ್ಬಕ್ಕೆ ಕೈ ಹಾಕಿದಾಗ ಅಳತೆಗೆ ಸರಿಯಾಗಿ ಸಿಕ್ಕದ್ದು ಈರುಳ್ಳಿ. ಮೇಷ್ಟ್ರ ಅಡಿಯಲ್ಲಿದ್ದದ್ದು ಮೇಷ್ಟ್ರೇ.

ಅವರು ತಮ್ಮ ಹೆಸರಿನ ಮೇಲೆ ಬೆರಳಾಡಿಸಿದರು. “ದಪ್ಪಕ್ಷರದಲ್ಲಿ ಹಾಕಿದ್ರು,” ಎಂದರು ಮೆಲ್ಲಗೆ. “ನಕ್ಷೇನೂ ಹಾಕಿದ್ರು.”

“ಚೆನ್ನಾಗಿದೆ,” ಎಂದರು ಮೇಜರ್, ಮನಸಾರೆ. “ನನಗೇ ಎಷ್ಟೋ ವಿಷಯ ತಿಳೀತು. ಆದ್ರೆ ಕೊಕ್ಕರೆ ತಿರುವಿನ ಹೂಳು ಹೋದ ವರ್ಷ ತೆಗೆದಾಯ್ತಲ್ಲ ಮೇಷ್ಟ್ರೇ. ದೊಡ್ಡವರು ಬಂದು ರಿಬ್ಬನ್ ಕತ್ತರಿಸಿದ್ದಾರೆ. ಅಲ್ಲಿ ಮರಳಿಲ್ಲ.”

“ಇದೆ ಸಾರ್. ಹೂಳು ತೆಗೆದ ಮೇಲೂ ನಾನು ಹಗ್ಗ ಇಳಿಬಿಟ್ಟು ನೋಡಿದ್ದೀನಿ. ಮೇಲೆ ನೀರು ತಿಳಿಯಾಗೇ ಕಾಣುತ್ತೆ. ಭಾರ ಹೇರಿದ ದೋಣಿ ಆ ಕಡೆ ಬಂದ್ರೆ...”

“ರಿಬ್ಬನ್ ಕತ್ತರಿಸಿದ್ದಾರೆ,” ಎಂದು ಮೇಜರ್ ಮೃದುವಾಗಿ ಮತ್ತೊಮ್ಮೆ ಹೇಳಿದರು, ಕಿವಿ ಕೇಳಿಸದವರಿಗೆ ಹೇಳುವ ಹಾಗೆ.

ಆಮೇಲೆ ಮುಚ್ಚಳಿಕೆ ಬರೆಸಿಕೊಂಡರು. ಈರುಳ್ಳಿಯ ಅಡಿಯಲ್ಲಿ ಏನಿತ್ತೆಂಬುದನ್ನು ಮೇಷ್ಟ್ರು ಹೇಳಬಾರದು, ಬರೆಯಬಾರದು, ಸನ್ನೆಯಿಂದ ತೋರಿಸಬಾರದು. ತಪ್ಪಿದರೆ ಜಾಮೀನುದಾರರು ಒಳಗೆ. ಜಾಮೀನು: ಹೆಂಡತಿ ಮ್ಯ ಯಿನ್. ಅವಳ ಪರವಾಗಿ ಮೇಷ್ಟ್ರೇ ರುಜು ಹಾಕಿದರು. ಊರಿನಲ್ಲೆದ್ದ ಗಾಬರಿ ಇಳಿಸಲು ಸಂಜೆಯೊಳಗೆ ವಾರ್ಡಿನ ಕಚೇರಿಯ ಮೈಕಿನಲ್ಲಿ ಒಂದು ಪ್ರಕಟಣೆಯನ್ನೂ ಮಾಡಬೇಕು. ಅದನ್ನು ಮೇಜರ್ ತಾವೇ ಬರೆದುಕೊಟ್ಟರು, ಕೈಬರಹ ಮುತ್ತಿನಂತಿತ್ತು.

ಹೀಗೆ ಸಂಜೆ, ಮಠದ ಗಂಟೆಯ ಹೊತ್ತಿಗೆ, ಓನ್ ಶ್ವೇ ಮೇಷ್ಟ್ರ ದನಿ ವಾರ್ಡಿನ ಎಲ್ಲ ಬೀದಿಗಳಲ್ಲೂ ಮೊಳಗಿತು: “ನಾನು ಓನ್ ಶ್ವೇ. ನನ್ನ ಲೇಖನಗಳ ಅಡಿಯಲ್ಲಿ ಏನೂ ಇರುವುದಿಲ್ಲ. ಹಿಂದೆಯೂ ಇರಲಿಲ್ಲ, ಮುಂದೆಯೂ ಇರುವುದಿಲ್ಲ. ಈರುಳ್ಳಿ ಎಂದರೆ ಈರುಳ್ಳಿ. ನನ್ನ ಮಾತಿಗೆ ಬೇರೆ ಅರ್ಥ ಇಲ್ಲ.”

ಮೂರು ಸಲ ಹೇಳಿಸಿದರು. ಮೊದಲನೆಯ ಸಲಕ್ಕೆ ಜನ ಬಾಗಿಲಿಗೆ ಬಂದು ನಿಂತರು. ಎರಡನೆಯದಕ್ಕೆ ನಾಲ್ಕಾರು ಜನ ಮಾರುಕಟ್ಟೆಯತ್ತ ಓಡಿ, ಈರುಳ್ಳಿ ವಾಪಸ್ಸು ತೆಗೆದುಕೊಳ್ಳುವುದಿಲ್ಲವೆಂದು ತಿಳಿದು ಬಂದರು. ಮೂರನೆಯದಕ್ಕೆ ಎಲ್ಲಿಂದಲೋ ಒಂದು ಈರುಳ್ಳಿ ಹಾರಿ ಬಂದು ಮೈಕಿಗೆ ಬಡಿಯಿತು.

“ಸೈಕಲ್ ಅಂಗಡೀಲಿ ಮಲಗೋಕೆ ಜಾಗ ಇಲ್ಲ ನನಗೆ!” ಮುದುಕ ಕೂಗಿದ. “ಇಷ್ಟು ದಿನ ನಿಮ್ಮನ್ನ ಏನೋ ಅಂದ್ಕೊಂಡಿದ್ದೆ. ನೀವು ಬರೇ ಅಡುಗೆ ಬರೆಯೋರು!”

“ಇನ್ಮೇಲೆ ಇವರು ಬೆಂಕಿ ಬಿತ್ತು ಅಂದ್ರೂ ಚಹ ಕಾಯಿಸ್ತಾ ಇದ್ದಾರೆ ಅಂದ್ಕೋತೀನಿ,” ಎಂದು ಕೋ ಫ್ಯೂ ದನಿಗೂಡಿಸಿದ. ಜನ ಗೊಳ್ಳೆಂದರು.

ಮನೆಯಲ್ಲಿ ಮೂಟೆಗಳ ಮೇಲೆ ಕೂತಿದ್ದ ಮ್ಯ ಯಿನ್ ತಲೆ ಎತ್ತಲಿಲ್ಲ. “ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ನಿಮ್ಮ ಮಾತಿಗೆ ಅರ್ಥ ಇಲ್ಲ ಅಂತ ನನಗೆ ಗೊತ್ತಿತ್ತು. ಮೈಕಲ್ಲಿ ಹೇಳ್ಬೇಕಾಗಿತ್ತಾ?”

ಮೇಷ್ಟ್ರನ್ನು ಮನೆ ಸೇರಿಸಲು ಬಂದ ಸಾನ್ ತೂನ್ ಹೋಗಲಿಲ್ಲ. ನಿಗಾ ಇಡಬೇಕೆಂದು ಅಪ್ಪಣೆಯಾಗಿತ್ತು. ಜಗಲಿಯ ಮೇಲೆ ಕಾಲು ಚಾಚಿ ಕೂತು ಎಲೆಯಡಿಕೆ ಮೆಲ್ಲತೊಡಗಿದರು. ಅದೇ ಹೊತ್ತಿಗೆ ಮಾ ಖೈನ್ ಓಡಿ ಬಂದಳು.

“ಹೇಳಿ ಮೇಷ್ಟ್ರೇ. ಅಲ್ಲಿಗೇ ಹೋಗಿ ಬಂದಿದ್ದೀರಿ.”

“ದೋಣಿ ಯಾವುದೂ ಮುಳುಗಿಲ್ಲಮ್ಮ,” ಎಂದರು ಮೇಷ್ಟ್ರು. “ಇದು ನಿಜ. ನನ್ನಾಣೆ ನಿಜ.”

ಅವಳು ನೆಲಕ್ಕೆ ಕುಸಿದು, ನೆಲಕ್ಕೇ ಮೂರು ಸಲ ನಮಸ್ಕಾರ ಮಾಡಿದಳು. ಎದ್ದಾಗ ಮುಖ ತೊಳೆದಿಟ್ಟ ತಟ್ಟೆಯಂತಿತ್ತು. “ಹಾಗಾದ್ರೆ ಅಕ್ಕಿ ತುಂಬೋದು ತಡ ಆಗಿರ್ಬೇಕು. ಇನ್ನು ಸುತ್ತು ದಾರೀಲಿ ಬಂದ್ರೆ ಸಮಾರಂಭಕ್ಕೆ ಮುಟ್ಟಲ್ಲ. ಈಗ್ಲೇ ಸಂಜೆ ಲಾಂಚಲ್ಲಿ ಹೇಳಿ ಕಳಿಸ್ತೀನಿ, ಕೊಕ್ಕರೆ ತಿರುವಲ್ಲೇ ಬಂದ್ಬಿಡಿ ಅಂತ. ಹೂಳು ತೆಗೆದಿದ್ದಾರೆ ಅಂತ ಪೇಪರಲ್ಲಿ ಬಂದಿತ್ತಲ್ಲ. ಇವರಿಗೆ ನಂಬಿಕೆ ಇರಲಿಲ್ಲ. ‘ಪೇಪರಲ್ಲಿ ಏನನ್ನೋ ಮುಚ್ಚಿಟ್ಟಿರ್ತಾರೆ ಕಣೇ’ ಅಂತಿದ್ರು. ಮೇಷ್ಟ್ರೇ ಮೈಕಲ್ಲಿ ಹೇಳಿದ್ದಾರೆ, ಏನೂ ಮುಚ್ಚಿಟ್ಟಿಲ್ಲ ಅಂತ ಹೇಳ್ಸಿದ್ರೆ ನಂಬ್ತಾರೆ.”

ಮೇಷ್ಟ್ರು ಒಂದು ಹೆಜ್ಜೆ ಮುಂದಿಟ್ಟು ನಿಂತರು. ಜಗಲಿಯ ಮೇಲೆ ಸಾನ್ ತೂನ್ ಮೆಲ್ಲುವುದನ್ನು ನಿಲ್ಲಿಸಿದ್ದರು. ಒಳಗೆ ಮ್ಯ ಯಿನ್, ಜಾಮೀನು, ರಾತ್ರಿಯ ಅಡುಗೆಗೆ ಈರುಳ್ಳಿ ಹೆಚ್ಚುತ್ತಿದ್ದಳು.

“ಮಾ ಖೈನ್,” ಎಂದರು. “ಸಮಾರಂಭಕ್ಕೆ ಪುಂಡಿ ಸೊಪ್ಪಿನ ಸಾರು ಮಾಡ್ತೀಯಲ್ಲ?”

“ಮಾಡ್ತೀನಿ. ಇವರಿಗೆ ಅದಂದ್ರೆ ಪ್ರಾಣ.”

“ಸೊಪ್ಪಲ್ಲಿ ಮರಳಿರುತ್ತೆ. ಗಮನ ಇಟ್ಟು ಕೇಳು. ತೆಗೆದಿದ್ದೀವಿ ಅಂತ ಮಾರೋರು ಹೇಳ್ತಾರೆ, ಇರುತ್ತೆ. ತಿರುವಲ್ಲಿ ಇರುತ್ತೆ... ಅಂದ್ರೆ ಬೋಗುಣಿ ತಿರುವಲ್ಲಿ. ಮೇಲೆ ನೀರು ತಿಳಿಯಾಗೇ ಕಾಣುತ್ತೆ, ಮೋಸ ಹೋಗ್ಬಾರ್ದು. ಅವಸರ ಅಂತ ಹತ್ತಿರದ ದಾರಿ ಹಿಡೀಬಾರ್ದು. ತಡ ಆದ್ರೂ ಸುತ್ತು ಹಾಕ್ಕೊಂಡೇ ಬರ್ಬೇಕು.” ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. “ತೊಳೀಬೇಕು. ಅರ್ಥ ಆಯ್ತಾ?”

“ಏನದು ಮೇಷ್ಟ್ರೇ?” ಎಂದರು ಸಾನ್ ತೂನ್ ಜಗಲಿಯಿಂದ.

“ಸೊಪ್ಪು,” ಎಂದರು ಮೇಷ್ಟ್ರು.

ಬೆಳಿಗ್ಗೆ ಅವರ ಬಿಗಿಹಿಡಿದ ಕತ್ತಿನಲ್ಲೂ ಅರ್ಥ ಕಂಡಿದ್ದ ಮಾ ಖೈನ್ ಈಗ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಇಡೀ ದಿನದಲ್ಲಿ ಮೊದಲ ಸಲ ನಕ್ಕಳು. “ಅಯ್ಯೋ ಮೇಷ್ಟ್ರೇ, ಈರುಳ್ಳಿ ಆಯ್ತು, ಈಗ ಸೊಪ್ಪಾ? ಜನ ಬೈದಿದ್ದು ಸಾಲ್ದಾ ನಿಮಗೆ? ತೊಳೀತೀನಿ ಬಿಡಿ, ಚೆನ್ನಾಗೇ ತೊಳೀತೀನಿ.” ಎಂದವಳೇ ಚಪ್ಪಲಿ ಮೆಟ್ಟಿಕೊಂಡು ದಡದ ಕಡೆಗೆ ಓಡಿದಳು. ಉಬ್ಬರ ಏರುತ್ತಿತ್ತು, ಲಾಂಚು ಕಾಯುವುದಿಲ್ಲ.

ಬಾಯಿಬಿಟ್ಟು ಹೇಳಬಹುದಿತ್ತು. ಮೇಷ್ಟ್ರು ಬಾಯಿ ತೆರೆದದ್ದೂ ಉಂಟು. ಒಳಗಿನಿಂದ ಮ್ಯ ಯಿನ್, “ಯಾರ ಹತ್ರ ರೀ ಮಾತು? ಊಟಕ್ಕೆ ಬನ್ನಿ,” ಎಂದಳು. ಬಾಯಿ ಮುಚ್ಚಿತು. ದೂರದಲ್ಲಿ ಲಾಂಚು ಕೂಗಿತು.

ಅವತ್ತು ಈರುಳ್ಳಿ ಪಲ್ಯ, ಈರುಳ್ಳಿ ಸಾರು. ಕೈ ತೊಳೆದವರೇ ಮೇಷ್ಟ್ರು ಕಾಗದ ತೆಗೆದು, ಮಾ ಖೈನಳಿಗೆ ಹೇಳಿದ್ದನ್ನೇ ಲೇಖನವಾಗಿ ಬರೆದರು: ‘ಸೊಪ್ಪಿನ ಮರಳು ತೆಗೆಯುವ ಬಗೆ’. ಜೀವಮಾನದಲ್ಲಿ ಮೊದಲ ಸಲ ಅವರ ತೇಪೆಯೊಂದಕ್ಕೆ ಬೇರೆ ಅರ್ಥವಿತ್ತು. ಯಾವ ದೋಣಿಯವನಾದರೂ ಓದಿ, ಒಂದು ಕ್ಷಣ ನಿಂತು ಯೋಚಿಸಿಯಾನು ಎಂದು ಮರುದಿನವೇ ಒಯ್ದು ಕೊಟ್ಟರು. ತೇನ್ ಹಾನ್ ಎರಡು ಸಲ ಓದಿದರು. ಕನ್ನಡಕವನ್ನು ಬಹಳ ಹೊತ್ತು ಒರೆಸಿ, ಕಾಗದವನ್ನು ಡಬ್ಬಕ್ಕೆ ಹಾಕಿದರು. ಅಷ್ಟರಲ್ಲಿ ಕತ್ತರಿಮನೆಯಿಂದ ಎಲ್ಲ ಪತ್ರಿಕೆಗಳಿಗೂ ಒಂದು ಸುತ್ತೋಲೆ ಹೋಗಿತ್ತು: ಓನ್ ಶ್ವೇ ಅವರ ಬರಹಗಳ ಅಡಿಯಲ್ಲಿ ಏನೂ ಇರುವುದಿಲ್ಲವೆಂದು ಪರೀಕ್ಷಿಸಿ ನೋಡಲಾಗಿದೆ, ಧಾರಾಳವಾಗಿ ಬಳಸಿಕೊಳ್ಳಬಹುದು.

ಮುಂದಿನ ಗುರುವಾರ ಪತ್ರಿಕೆ ಬಂತು. ಮೇಷ್ಟ್ರು ಮೊದಲನೆಯ ಪುಟ ನೋಡಲಿಲ್ಲ, ಎರಡನೆಯದನ್ನೂ ನೋಡಲಿಲ್ಲ. ಮೂರನೆಯ ಪುಟ, ಕೆಳಗೆ, ಎಡಮೂಲೆ: ‘ಸೊಪ್ಪಿನ ಮರಳು ತೆಗೆಯುವ ಬಗೆ’. ಜಾಗ ಸಾಲದೆಂದು ಕೊನೆಯ ಸಾಲುಗಳನ್ನು ಬಿಟ್ಟಿದ್ದರು. ಈರುಳ್ಳಿಗಿಂತ ಚಿಕ್ಕ ಜಾಗ. ಒಂದು ದೋಣಿ, ಒಂದು ತಿರುವು, ನಾಲ್ಕಾರು ಹೆಸರು ಹಿಡಿಸುವಷ್ಟು.

ಚಹದಂಗಡಿಯಲ್ಲಿ ಕೋ ಫ್ಯೂ ಅದನ್ನು ಗಟ್ಟಿಯಾಗಿ ಓದಿ, “ಪರವಾಗಿಲ್ಲ, ಉಪಯೋಗಕ್ಕೆ ಬರೋ ವಿಷಯ,” ಎಂದು ಪುಟ ಹರಿದು ಹೆಂಡತಿಗೆ ಕೊಟ್ಟ. ಅದರ ಕೆಳಗೇನಿತ್ತೆಂದು ಅಂದು ಊರಿನಲ್ಲಿ ಒಬ್ಬರೂ ಕೇಳಲಿಲ್ಲ.

ಮೇಷ್ಟ್ರು ಪತ್ರಿಕೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಬೀದಿಯ ನಲ್ಲಿಯ ಬಳಿ, ಮರುದಿನದ ಸಮಾರಂಭಕ್ಕೆಂದು ತಂದ ಪುಂಡಿ ಸೊಪ್ಪಿನ ರಾಶಿಯನ್ನು ಮುಂದಿಟ್ಟುಕೊಂಡು ಮಾ ಖೈನ್ ಕೂತಿದ್ದಳು. ಇನ್ನೂ ಬಾರದ ಗಂಡನ ದಾರಿ ಕಾಯುತ್ತ, ಕೆನ್ನೆಗೆ ಹೊಸದಾಗಿ ತನಖಾ ಹಚ್ಚಿದ್ದಳು. ಅವರನ್ನು ಕಂಡು ಒದ್ದೆ ಕೈ ಎತ್ತಿದಳು.

“ಮೇಷ್ಟ್ರೇ, ನೀವು ಬರ್ದ ಹಾಗೇ ತೊಳೀತಾ ಇದ್ದೀನಿ!” ಎಂದು ಕೂಗಿ, ಬೋಗುಣಿಯನ್ನು ಬಗ್ಗಿಸಿ ತೋರಿಸಿದಳು. “ಬನ್ನಿ, ನೋಡಿ ಇಲ್ಲಿ, ತಳದಲ್ಲಿ ಎಷ್ಟು ಮರಳಿತ್ತು!”